ಮುಚ್ಚಿ ಕಳಿಸಿದ ಮಾತು

ಮೋಕ್ಷಿತಾಳಿಗೆ ದಿಕ್ಕು ತಿಳಿಯುತ್ತಿರಲಿಲ್ಲ.

ಇದು ತಮಾಷೆಗೆ ಹೇಳುವ ಮಾತಲ್ಲ. ಮೆಲ್ಕಾರ್‌ನ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ಸಂಜೆಯೇ ಅವಳು ರಸ್ತೆಯ ತಪ್ಪು ಬದಿಯಲ್ಲಿ ನಿಂತು, ಬಂದ ಬಸ್ಸು ಹತ್ತಿದ್ದಳು. ಮೂಡುಬಿದಿರೆಯ ಮನೆಗೆ ಹೋಗಬೇಕಾದವಳು ಉಪ್ಪಿನಂಗಡಿಯಲ್ಲಿ ಇಳಿದು, ಅಳುತ್ತಾ ಅಣ್ಣನಿಗೆ ಫೋನ್ ಮಾಡಿದ್ದಳು.

ಅಂಥವಳು ನವೆಂಬರಿನ ಒಂದು ಭಾನುವಾರ ಮಿಜಾರಿನ ಕಾಲೇಜು ರಸ್ತೆಯಲ್ಲಿ ಗುರುತೇ ಇಲ್ಲದ ಒಬ್ಬ ಗಂಡಸಿನ ತೋಳು ಹಿಡಿದು ಎಳೆದಳು!

“ಕೈ ತೆಗೀರಿ ಅಲ್ಲಿಂದ!”

ಅವನು ಮೊಣಕಾಲೂರಿ ಕೂತಿದ್ದ. ಮೈಮೇಲೆ ಕಿತ್ತಳೆ ಬಣ್ಣದ ಹೊಳೆಯುವ ಜಾಕೆಟ್. ಬಲಗೈ ಮೊಣಕೈವರೆಗೂ ಕೆಂಪುಕಲ್ಲಿನ ಪಾಗಾರದ ಗೋಡೆಯ ಸಂದಿಯೊಳಗೆ ಹೋಗಿತ್ತು.

“ಒಂದು ನಿಮಿಷ… ಸಿಕ್ಕಿಕೊಂಡಿದೆ ಮಾರಾಯ್ರೆ.”

“ಯಾವುದು ಸಿಕ್ಕಿಕೊಂಡದ್ದು? ಡಬ್ಬಿಯಾ, ಕೈಯಾ?”

“ಎರಡೂ!”

ಅವಳಿಗೆ ನಗು ಬಂತು. ನಗಲಿಲ್ಲ. ತಾನು ಅಡಗಿಸಿದ ಡಬ್ಬಿ ಸರಿ ಇದೆಯಾ ಎಂದು ನೋಡಲು ಬಂದಿದ್ದಳು. ಕಳೆದ ವರ್ಷ ಹೀಗೆಯೇ ಯಾರೋ ಅವಳ ಎರಡು ಡಬ್ಬಿ ತೆಗೆದು ಚರಂಡಿಗೆ ಎಸೆದಿದ್ದರು.

ಕೈ ಹೊರಗೆ ಬಂತು. ಬೆರಳ ಗಂಟು ತರಚಿ ರಕ್ತ ಒಸರುತ್ತಿತ್ತು. ಆದರೂ ಅವನು ಡಬ್ಬಿಯನ್ನು ಬಿಟ್ಟಿರಲಿಲ್ಲ. ಮುಚ್ಚಳದ ಮೇಲಿನ ಹೆಸರು ಓದಿ ತಲೆ ಎತ್ತಿದ.

“‘ಐವರ ಕಣ್ಣು’… ಇದು ಮಾಡಿದ್ದು ನೀವಾ?”

ಮೋಕ್ಷಿತಾ ತೋಳು ಬಿಟ್ಟಳು.

‘ಇವನು ಕಳ್ಳನಲ್ಲ. ಆಡುವವನು!’

ಆಟ ಇಷ್ಟೇ. ಒಬ್ಬರು ಎಲ್ಲೋ ಒಂದು ಡಬ್ಬಿ ಅಡಗಿಸುತ್ತಾರೆ. ಆ್ಯಪ್‌ನಲ್ಲಿ ಆ ಜಾಗದ ಅಂಕಿಗಳನ್ನು ಹಾಕುತ್ತಾರೆ. ಇನ್ನೊಬ್ಬರು ಫೋನು ಹಿಡಿದು ಹುಡುಕಿ, ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಹೋಗುತ್ತಾರೆ. ಇದಕ್ಕೆ ಜಿಯೋಕ್ಯಾಶಿಂಗ್ ಎನ್ನುತ್ತಾರೆ. ಮೋಕ್ಷಿತಾ ಮಾಡುತ್ತಿದ್ದದ್ದು ಅದರಲ್ಲೂ ಕಷ್ಟದ್ದು, ಒಗಟಿನ ಡಬ್ಬಿ. ಅಲ್ಲಿ ನಕ್ಷೆಯಲ್ಲಿ ಕಾಣುವ ಗುರುತು ಸುಳ್ಳು. ಒಗಟು ಬಿಡಿಸಿದವರಿಗೆ ಮಾತ್ರ ನಿಜವಾದ ಜಾಗ ಸಿಗುತ್ತದೆ.

ಬಂಟ್ವಾಳದಿಂದ ಬೆಳ್ತಂಗಡಿವರೆಗೆ ಹುಡುಕಿದರೂ ಈ ಆಟ ಆಡುವವರು ಒಂದು ರಿಕ್ಷಾದಲ್ಲಿ ಹಿಡಿಸುತ್ತಾರೆ. ‘ಐವರ ಕಣ್ಣು’ ಒಗಟನ್ನು ಅವರಲ್ಲಿ ಯಾರೂ ಬಿಡಿಸಿರಲಿಲ್ಲ.

“ಹೇಗೆ ಬಿಡಿಸಿದ್ರಿ?” ಸಿಟ್ಟು ಮರೆತು ಕೇಳಿದಳು.

“ಐದು ಜನರ ಕನ್ನಡಕದ ಪವರ್ ಕೊಟ್ಟಿದ್ದೀರಿ. ನಾಲ್ಕು ಜನರದ್ದು ಸರಿ ಹೋಯ್ತು. ಐದನೆಯವರದ್ದು ಲೆಕ್ಕಕ್ಕೆ ಕೂತುಕೊಳ್ಳುವುದೇ ಇಲ್ಲ. ಆಮೇಲೆ ಹೊಳೆಯಿತು, ಅವರಿಗೆ ಕಣ್ಣು ಸರಿ ಉಂಟು. ಸುಮ್ಮನೆ ಚಂದಕ್ಕೆ ಕನ್ನಡಕ ಹಾಕುವವರು. ಸೊನ್ನೆ!”

“ಅಂಥವರು ನಮ್ಮ ಅಂಗಡಿಗೆ ತುಂಬ ಬರ್ತಾರೆ.”

“ನಮ್ಮ ಕೆಲಸದಲ್ಲಿ ಮೊದಲು ಕೇಳುವುದೇ ಸೊನ್ನೆ ಎಲ್ಲಿ ಅಂತ. ಅದು ಗೊತ್ತಾದ್ರೆ ಉಳಿದದ್ದೆಲ್ಲ ತನ್ನಿಂದ ತಾನೇ ಬರ್ತದೆ.”

“ಎಂಥ ಕೆಲಸ ನಿಮ್ಮದು?”

“ರಸ್ತೆ ಸರ್ವೇ. ಬಂಟ್ವಾಳ–ಮೂಡುಬಿದಿರೆ ರಸ್ತೆ ಅಗಲ ಆಗ್ತದಲ್ಲ, ಅದರದ್ದು. ನನ್ನ ಹೆಸರು ಯತೀಶ. ಬೆಳ್ತಂಗಡಿಯವ.”

ಅವಳ ಮುಖದ ನಗು ಇಳಿಯಿತು. ಅವನು ಗಮನಿಸಿದ.

“ಎಂಥ ಆಯ್ತು? ರಸ್ತೆ ಬದಿಯಲ್ಲಿ ಮನೆಯಾ?”

“ಅಲ್ಲ. ಆ ರಸ್ತೆ ಅಗಲ ಆಗಬೇಕು. ಮೊದಲೇ ಆಗಬೇಕಿತ್ತು.”

ಅಷ್ಟು ಹೇಳಿ ಅವಳು ತನ್ನ ಚೀಲದಿಂದ ಬ್ಯಾಂಡೇಜ್ ಪಟ್ಟಿ ತೆಗೆದು ಅವನ ಕೈಗೆ ಕೊಟ್ಟಳು.

*

ಮನ್ವಿತ್ ಅವಳ ಅಣ್ಣ. ಮೆಲ್ಕಾರ್ ಮೇಲೆ ಹೋಗುವ ಮೂಡುಬಿದಿರೆ–ವಿಟ್ಲ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ. ಉಪ್ಪಿನಂಗಡಿಯಿಂದ ಅವಳನ್ನು ಬೈಕಿನಲ್ಲಿ ಕರೆತಂದವನು ಅವನೇ. ದಾರಿಯುದ್ದಕ್ಕೂ ನಕ್ಕಿದ್ದ. ಮನೆ ಮುಟ್ಟಿದ ಮೇಲೆ ಅವಳ ಫೋನಿಗೆ ಈ ಆಟ ಹಾಕಿಕೊಟ್ಟು, “ಡಬ್ಬಿ ಹುಡುಕಿಯಾದರೂ ದಿಕ್ಕು ಕಲಿ ಮಾರಾಯ್ತಿ” ಎಂದಿದ್ದ.

ಆಟ ಅವಳಿಗೆ ಹಿಡಿಸಿತು. ದಿಕ್ಕು ಬರಲಿಲ್ಲ.

ಅವಳ ಹುಟ್ಟಿದ ದಿನಕ್ಕೆ ಅಣ್ಣ ತಾನೂ ಒಂದು ಒಗಟು ಮಾಡಿದ. ಹೆಸರು ‘ದಿಕ್ಕು ತಪ್ಪುವವಳಿಗೆ’. ನಕ್ಷೆಯ ಗುರುತನ್ನು ಮೆಲ್ಕಾರ್‌ನಲ್ಲಿ, ಅವಳ ಅಂಗಡಿಯ ಎದುರೇ ಹಾಕಿದ್ದ. ಕೆಳಗೆ ಬರೆದದ್ದು ಇಷ್ಟು:

‘ನಮ್ಮ ಬಸ್ಸು ಹತ್ತು. ಎಡಬದಿಯ ಕಿಟಕಿಗೆ ಕೂತುಕೋ. ತಂಗುದಾಣ ಬಂದ ಹಾಗೆಲ್ಲ ಅದರ ಹಣೆಯ ಮೇಲಿನ ಇಸವಿ ನೋಡು. ಕೊನೆಯ ಅಂಕಿ ಬರೆದುಕೋ. ಅಷ್ಟೇ.’

ಈ ಕಡೆಯ ಬಸ್ ತಂಗುದಾಣಗಳು ಯಾರಾದರೊಬ್ಬರ ಸ್ಮರಣಾರ್ಥ ಕಟ್ಟಿಸಿದವು. ಹಣೆಯ ಮೇಲೆ ಸತ್ತವರ ಹೆಸರು, ಕೆಳಗೆ ಇಸವಿ. ಮನ್ವಿತ್ ದಿನವೂ ಫುಟ್‌ಬೋರ್ಡಿನಲ್ಲಿ ನಿಂತು ಅವನ್ನು ಓದುತ್ತಾ ಹೋಗುತ್ತಿದ್ದವನು. ಆ ಹೆಸರುಗಳ ನಡುವೆಯೇ ತಂಗಿಗೊಂದು ಆಟ ಮಾಡಿಟ್ಟ.

ಅದರ ಮುಂದಿನ ತಿಂಗಳು ಸಿದ್ಧಕಟ್ಟೆ ಹತ್ತಿರದ ತಿರುವಿನಲ್ಲಿ ಲಾರಿಯೊಂದು ಅವನ ಬೈಕಿಗೆ ಬಡಿಯಿತು. ರಸ್ತೆ ಕಿರಿದು, ತಿರುವು ಕಡಿದು, ಎದುರು ಬರುವುದು ಕಾಣುವುದಿಲ್ಲ ಎಂದು ಪತ್ರಿಕೆಗಳು ಬರೆದವು. ಅಂಥ ಸಾವುಗಳೆಲ್ಲ ಸೇರಿಯೇ ರಸ್ತೆ ಅಗಲವಾಗುವುದೆಂದು ತೀರ್ಮಾನವಾಯಿತು.

ಹಾಗಾಗಿ ಮೋಕ್ಷಿತಾ ಆ ರಸ್ತೆಗೆ ವಿರುದ್ಧವಾಗಿ ಒಂದು ಮಾತೂ ಆಡುವ ಹಾಗಿರಲಿಲ್ಲ.

ಒಗಟು ಉಳಿಯಿತು. ಉತ್ತರ ಗೊತ್ತಿದ್ದವನು ಉಳಿಯಲಿಲ್ಲ.

ಅವಳು ಮೂಡುಬಿದಿರೆಯಲ್ಲಿ ಬಸ್ಸು ಹತ್ತಿ ಎಡಬದಿಗೆ ಕೂತು ಅಂಕಿ ಬರೆದಳು. ಉತ್ತರ ನೇತ್ರಾವತಿಯ ನಡುನೀರಿಗೆ ಬಿತ್ತು. ವಿಟ್ಲದಿಂದ ಹತ್ತಿ ಬರೆದಳು. ಯಾರದೋ ಕೋಳಿ ಫಾರಮ್ಮಿಗೆ ಬಿತ್ತು. ಅಂಕಿಗಳನ್ನು ಹಿಂದೆ ಮುಂದೆ ಮಾಡಿದಳು, ಕೂಡಿಸಿದಳು, ಕಳೆದಳು. ಪ್ರತಿ ಸಲವೂ ಆ್ಯಪ್‌ನಲ್ಲಿ ‘ಸಿಗಲಿಲ್ಲ’ ಎಂದು ಬರೆದಳು.

ಇಷ್ಟನ್ನೂ ಯತೀಶನಿಗೆ ಅವಳು ಹೇಳಿದ್ದು ಎರಡನೆಯ ಭೇಟಿಯಲ್ಲಿ, ಮೂಡುಬಿದಿರೆ ಪೇಟೆಯ ಒಂದು ಹೋಟೆಲಿನಲ್ಲಿ, ಗೋಳಿಬಜೆ ತಣ್ಣಗಾಗುವವರೆಗೆ.

ಅವನು ಸಮಾಧಾನದ ಮಾತು ಆಡಲಿಲ್ಲ. “ನಾನೂ ಒಮ್ಮೆ ನೋಡಬಹುದಾ?” ಎಂದ.

“ನೋಡಿ. ಎಲ್ಲರಿಗೂ ಇಟ್ಟದ್ದಲ್ವಾ.”

ಡಿಸೆಂಬರ್ ಮುಗಿಯುವ ಮೊದಲು ಒಂದು ಸಂಜೆ ಅವಳ ಫೋನಿನಲ್ಲಿ ಅಣ್ಣನ ಒಗಟಿನ ಪುಟ ಮಿನುಗಿತು. ಅಲ್ಲಿ ಮೊದಲ ಸಲ ‘ಸಿಕ್ಕಿತು’ ಎಂಬ ಮಾತು. ಕೆಳಗೆ ಯತೀಶನ ಹೆಸರು.

ಮೋಕ್ಷಿತಾ ಅಂಗಡಿಯ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

‘ನನ್ನ ಅಣ್ಣ… ನನಗೇ ಅಂತ ಮಾಡಿದ್ದು… ರಸ್ತೆ ಅಳೆಯುವವನಿಗೆ ಮೊದಲು ಸಿಕ್ಕಿತಾ?’

ಅವನೇ ಫೋನ್ ಮಾಡಿದ.

“ಸಿಟ್ಟು ಬಂತಾ?”

“ಇಲ್ಲ.”

“ಬಂದಿದೆ.”

“ಬಂದಿದೆ!… ಎಲ್ಲಿ ಉಂಟು ಅಂತ ಹೇಳಬೇಡಿ. ಒಳಗೆ ಏನಿತ್ತು ಅಂತಲೂ ಹೇಳಬೇಡಿ. ಹೇಳಿದ್ರೆ ನಾನು ನಿಮ್ಮ ಮುಖ ನೋಡುವುದಿಲ್ಲ. ಅಣ್ಣ ನನ್ನ ಹತ್ರ ಆಡ್ತಾ ಇರುವುದು ಇದೊಂದೇ ಆಟ. ಇದನ್ನು ನಾನೇ ಮುಗಿಸಬೇಕು.”



“ಹೇಳುವುದಿಲ್ಲ. ಆದ್ರೆ ಯಾವಾಗಲಾದರೂ ಉತ್ತರಕ್ಕೆ ತಾಗುವ ಮಾತು ಹೇಳಲೇಬೇಕಾಗಿ ಬಂದ್ರೆ?”

“ಮುಚ್ಚಿ ಕಳಿಸಿ. ಬೇಕಾದ್ರೆ ತೆರೀತೇನೆ.”

ಮುಚ್ಚಿ ಕಳಿಸುವುದು ಈ ಆಟದ ಪದ್ಧತಿ. ಸುಳಿವನ್ನು ಯಾರೂ ನೇರವಾಗಿ ಬರೆಯುವುದಿಲ್ಲ. ಅಕ್ಷರಗಳನ್ನೆಲ್ಲ ಮನೆ ಬದಲಿಸಿ, ನೋಡಿದರೆ ಅರ್ಥವಾಗದ ಹಾಗೆ ಕಳಿಸುತ್ತಾರೆ. ಆ್ಯಪ್‌ನ ಗುಂಡಿ ಒತ್ತಿದರೆ ಮಾತ್ರ ತೆರೆದುಕೊಳ್ಳುತ್ತದೆ. ಒತ್ತುವುದು ಬಿಡುವುದು ಆಡುವವರ ಮರ್ಜಿ.

ಮೋಕ್ಷಿತಾ ಆವರೆಗೆ ಒಂದು ಸಲವೂ ಒತ್ತಿದವಳಲ್ಲ. ಒತ್ತುವುದೆಂದರೆ ಅವಳಿಗೆ ಸೋತ ಹಾಗೆ.

*

ಆಮೇಲೆ ಅವರಿಬ್ಬರೂ ಸೇರಿ ಮಾಡಿದ್ದು ವಿಚಿತ್ರವಾದ ಕೆಲಸ. ರಸ್ತೆ ಬದಿಯಲ್ಲಿದ್ದ ಮೋಕ್ಷಿತಾಳ ಡಬ್ಬಿಗಳನ್ನು, ಮಣ್ಣು ಅಗೆಯುವ ಯಂತ್ರ ಬರುವ ಮೊದಲು ಒಂದೊಂದಾಗಿ ಎತ್ತಿದರು.

ಯಾವ ಮರ ಹೋಗುತ್ತದೆ, ಯಾವ ಕಟ್ಟೆ ಒಡೆಯುತ್ತದೆ ಎಂದು ಅವನಿಗೆ ಗೊತ್ತಿತ್ತು. ಗುರುತಿನ ಬಣ್ಣ ಬಳಿಸಿದವನೇ ಅವನು.

“ನೀವು ಬಳಿಯುವುದು, ನಾನು ಎತ್ತುವುದು. ಒಳ್ಳೆ ಜೋಡಿ!” ಎಂದು ಒಮ್ಮೆ ಅಂದುಬಿಟ್ಟು ಅವಳು ನಾಲಿಗೆ ಕಚ್ಚಿಕೊಂಡಳು.

ಅವನು ಹೆಲ್ಮೆಟ್ ಒಳಗೇ ನಕ್ಕ. ಬೈಕಿನ ಕನ್ನಡಿಯಲ್ಲಿ ಅವಳಿಗೆ ಅವನ ಕಣ್ಣು ಮಾತ್ರ ಕಂಡಿತು.

ಅವನ ಬೈಕಿನ ಹಿಂದೆ ಕೂತು ಅವಳು ಆ ರಸ್ತೆಯನ್ನು ಎಷ್ಟೋ ಸಲ ದಾಟಿದಳು. ಅಣ್ಣ ಹೋದ ಮೇಲೆ ಬೈಕ್ ಹತ್ತಿದ್ದು ಅದೇ ಮೊದಲು. ಸಿದ್ಧಕಟ್ಟೆಯ ತಿರುವು ಬಂದಾಗ ಅವನ ಜಾಕೆಟ್ ಹಿಡಿಯುತ್ತಿದ್ದಳು. ಅವನು ಏನೂ ಕೇಳದೆ ವೇಗ ಇಳಿಸುತ್ತಿದ್ದ.

ರಾಯಿ ಎಂಬ ಊರು ದಾಟಿದ ಮೇಲೆ ಇನ್ನೊಂದು ತಿರುವು ಉಂಟು. ಅಲ್ಲಿಯೂ ಅವನು ವೇಗ ಇಳಿಸುತ್ತಿದ್ದ. ಯಾಕೆಂದು ಅವಳು ಯೋಚಿಸಲಿಲ್ಲ.

ಅಂಗಡಿಯ ಯಜಮಾನ ಅಬ್ದುಲ್ ರಹಿಮಾನ್‌ಗೆ ಎಲ್ಲ ಕಾಣುತ್ತಿತ್ತು.

“ಈ ಹುಡುಗನಿಗೆ ಕಣ್ಣು ಪರೀಕ್ಷೆ ಎಷ್ಟು ಸಲ ಮಾಡ್ತೀಯಮ್ಮ? ವಾರಕ್ಕೊಂದು ಸಲ ಬರ್ತಾನೆ!”

“ದೃಷ್ಟಿ ಸರಿ ಇಲ್ಲ ಅಂತೆ ಕಾಕಾ.”

“ಸರಿ ಉಂಟು, ಸರಿ ಉಂಟು. ನೇರ ನಿನ್ನನ್ನೇ ನೋಡ್ತಾ ಇದ್ದಾನೆ!”

ಅವಳ ಕೆನ್ನೆ ಬಿಸಿಯಾಯಿತು.

ಆದರೆ ಇಬ್ಬರೂ ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಅದು ಅವರ ಸ್ವಭಾವ. ಯಾವುದನ್ನೂ ನೇರವಾಗಿ ಹೇಳದೆ, ಎದುರಿನವರು ಬಿಡಿಸಲಿ ಎಂದು ಕಾಯುವವರು. ಅವಳು ಅವನ ಹೆಸರಿನಲ್ಲಿ ಒಂದು ಒಗಟು ಮಾಡಲು ಹೊರಟಿದ್ದಳು. ಅವನೂ ಅಂಥದ್ದೇ ಏನೋ ಮಾಡುತ್ತಿದ್ದ. ಒಗಟು ಮುಗಿಯುವ ಮೊದಲು ಮೇ ತಿಂಗಳು ಬಂತು.

*

ಮೇ ತಿಂಗಳ ಒಂದು ಗುರುವಾರ ಸಂಜೆ ಯತೀಶನಿಗೆ ಮೇಲಿನಿಂದ ಆದೇಶ ಬಂತು. ಮಳೆ ಶುರುವಾಗುವ ಮೊದಲು ಕಡಿದಾದ ತಿರುವುಗಳನ್ನು ಸೀಳಿ ನೇರ ಮಾಡಬೇಕು. ರಾಯಿ ದಾಟಿದ ತಿರುವಿನ ಗುಡ್ಡಕ್ಕೆ ಶನಿವಾರವೇ ಯಂತ್ರ. ಮಳೆಗಾಲ ಕಳೆದ ಮೇಲೆ ಆಗಬೇಕಾಗಿದ್ದ ಕೆಲಸ ಅದು. ಯತೀಶನನ್ನು ಮಾತ್ರ ಮರುದಿನವೇ ಬೆಳ್ತಂಗಡಿಯ ಮೇಲಿನ ಗುಡ್ಡದ ರಸ್ತೆಯೊಂದರ ಅಳತೆಗೆ ಹಾಕಿದರು. ಅಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ.

ಆ ಗುಡ್ಡದ ಬದಿಯಲ್ಲಿ, ಒಂದು ಕಾಸರಕನ ಮರದ ಬೇರಿನ ಸಂದಿನಲ್ಲಿ ಮನ್ವಿತನ ಡಬ್ಬಿ ಇತ್ತು.

ಅವನು ಫೋನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತ.

‘ರಾಯಿಯ ತಿರುವು ಒಡೀತಾರೆ ಅಂದ್ರೆ ಜಾಗ ಹೇಳಿದ ಹಾಗೆಯೇ. ಡಬ್ಬಿ ಹೋಗ್ತದೆ ಅಂದ್ರೂ ಅಷ್ಟೇ, ಶನಿವಾರ ಯಂತ್ರ ಎಲ್ಲಿಗೆ ಬರ್ತದೆ ಅಂತ ಊರಿಗೇ ಗೊತ್ತಾಗ್ತದೆ. ಹೇಳಿದ್ರೆ ಮುಖ ನೋಡುವುದಿಲ್ಲ ಅಂದಿದ್ದಾಳೆ. ಹೇಳದಿದ್ರೆ?’

ಡಬ್ಬಿಯನ್ನು ತಾನೇ ಎತ್ತಿಡುವ ಯೋಚನೆಯೂ ಬಂತು. ಆದರೆ ಇನ್ನೊಬ್ಬರ ಡಬ್ಬಿಯನ್ನು ಜಾಗ ಬಿಡಿಸಬಾರದು ಎಂಬುದು ಆಟದ ಮೊದಲ ನಿಯಮ. ಅದೂ ಸತ್ತವನ ಡಬ್ಬಿ.

ಕೊನೆಗೆ ಅವನು ಮಾತನ್ನು ಮುಚ್ಚಿ ಕಳಿಸಿದ.

ಮೋಕ್ಷಿತಾ ಬಸ್ಸಿನಲ್ಲಿ ನಿಂತಿದ್ದಳು. ಅರ್ಥವಿಲ್ಲದ ಅಕ್ಷರಗಳ ಉದ್ದದ ಸಾಲುಗಳು. ಒಂದು ಕ್ಷಣ ಬೆರಳು ಗುಂಡಿಯ ಹತ್ತಿರ ಹೋಯಿತು.

‘ಸುಳಿವು ಕೊಡಲಿಕ್ಕೆ ಹೊರಟಿದ್ದಾನೆ. ಪಾಪ ಅಂತ ಕಂಡಿರಬೇಕು. ಬೇಡ!’

ಬೆರಳು ಹಿಂದೆ ಬಂತು. ಮೆಸೇಜು ಮುಟ್ಟಿದೆ ಎಂದು ತಿಳಿಸಲು ಹೆಬ್ಬೆರಳಿನ ಚಿತ್ರ ಕಳಿಸಿ, ಫೋನು ಚೀಲಕ್ಕೆ ಹಾಕಿದಳು.

ಯತೀಶ ಆ ಹೆಬ್ಬೆರಳನ್ನು ನೋಡಿದ. ಓದಿದ್ದಾಳೆ ಎಂದುಕೊಂಡ. ಶುಕ್ರವಾರ ಮೇಲೆ ಹೋದ.

ಶನಿವಾರ ಯಂತ್ರ ಬಂತು.

ಭಾನುವಾರ ಮಧ್ಯಾಹ್ನ ಕೆಳಗಿಳಿದು, ನೆಟ್‌ವರ್ಕ್ ಸಿಕ್ಕಿದ ಮೊದಲ ಜಾಗದಲ್ಲೇ ಬೈಕ್ ನಿಲ್ಲಿಸಿ ಫೋನ್ ಮಾಡಿದ.

“ಮೋಕ್ಷಿತಾ… ನೀನು ಕೇಳಲೇ ಇಲ್ಲ. ಬೇಡ ಅಂತಲೇ ತೀರ್ಮಾನ ಮಾಡಿದ್ಯಾ?”

“ಎಂಥ ಕೇಳಬೇಕಿತ್ತು?”

“ಅಣ್ಣನ ಡಬ್ಬಿ.”

“ಡಬ್ಬಿಗೆ ಎಂಥ ಆಯ್ತು?”



“ನೀನು ಓದಲಿಲ್ವಾ?”

“ಮುಚ್ಚಿ ಕಳಿಸಿದ್ದನ್ನು ನಾನು ಓದುವುದಿಲ್ಲ! ನಿಮಗೆ ಗೊತ್ತುಂಟಲ್ಲ!… ಡಬ್ಬಿಗೆ ಎಂಥ ಆಯ್ತು ಹೇಳಿ!”

“ನಿನ್ನೆ ಅಲ್ಲಿ ಯಂತ್ರ ಹೋಯ್ತು.”

ಅವಳು ಅಳಲಿಲ್ಲ. ಅವನು ಎರಡು ಸಲ ಹೆಸರು ಹಿಡಿದು ಕರೆದ.

“ನಿಮಗೆ ಗೊತ್ತಿತ್ತು,” ಎಂದಳು. “ಗೊತ್ತಿದ್ದೂ ಬಾಯಿ ಬಿಟ್ಟು ಒಂದು ಮಾತು ಹೇಳಲಿಲ್ಲ.”

“ನೀನೇ ಹೇಳಬೇಡ ಅಂದದ್ದು…”

“ಹೌದು. ನಾನೇ ಅಂದದ್ದು.”

“ಎಲ್ಲಿ ಇತ್ತು ಅಂತ ಈಗಾದರೂ…”

“ಬೇಡ! ಈಗಲೂ ಹೇಳಬೇಡಿ. ಇನ್ನು ಫೋನ್ ಮಾಡಬೇಡಿ.”

ಇಬ್ಬರೂ ಮಾತು ಮೀರಲಿಲ್ಲ. ಇಬ್ಬರೂ ಆಟದ ನಿಯಮ ಪಾಲಿಸಿದರು. ಡಬ್ಬಿ ಹೋಯಿತು.

*

ಮನೆಯಲ್ಲಿ ಅಮ್ಮನಿಗೆ ಹೇಳಿದಾಗ ಅಮ್ಮ, “ಒಂದು ಡಬ್ಬಿಯಲ್ವಾ ಮಗಾ” ಎಂದಳು. ಮತ್ತೆ, “ಆ ಹುಡುಗ ಯಾಕೆ ಬರುವುದಿಲ್ಲ ಈಗ?” ಎಂದು ಕೇಳಿದಳು.

ಮಳೆ ಹಿಡಿಯಿತು. ರಸ್ತೆ ಕೆಲಸ ಅರ್ಧಕ್ಕೆ ನಿಂತಿತು. ಬಸ್ಸುಗಳು ಕೆಂಪು ಕೆಸರಿನಲ್ಲಿ ತೆವಳಿದವು.

ಮೋಕ್ಷಿತಾ ಹೊಸ ಒಗಟು ಮಾಡಲಿಲ್ಲ. ಇದ್ದ ಡಬ್ಬಿಗಳನ್ನು ನೋಡಲೂ ಹೋಗಲಿಲ್ಲ. ಯತೀಶನ ಹೆಸರಿನ ಮೇಲೆ ಎಷ್ಟೋ ಸಲ ಬೆರಳಿಟ್ಟಳು. ಏನು ಹೇಳುವುದು? ‘ನಿಮ್ಮದು ತಪ್ಪು’ ಎಂದರೆ ಸುಳ್ಳು. ‘ನನ್ನದು ತಪ್ಪು’ ಎಂದರೆ ಡಬ್ಬಿ ತಿರುಗಿ ಬರುವುದಿಲ್ಲ.

ಆಗಸ್ಟಿನ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಜನ ಇರಲಿಲ್ಲ. ಅವಳು ಅಣ್ಣನ ಒಗಟಿನ ಪುಟವನ್ನು ಮುಚ್ಚಿಬಿಡಲೆಂದೇ ತೆರೆದಳು. ಡಬ್ಬಿ ಇಲ್ಲದ ಒಗಟನ್ನು ಇಟ್ಟುಕೊಂಡು ಏನು ಪ್ರಯೋಜನ?

ರಹಿಮಾನ್ ಹಿಂದಿನಿಂದ ಬಗ್ಗಿ ನೋಡಿದರು.

“ಇದು ನಮ್ಮ ಅಂಗಡಿಯಲ್ವಾ ನಕ್ಷೆಯಲ್ಲಿ? ನಮ್ಮ ಅಂಗಡಿ ಎಂಥಕ್ಕೆ ಹಾಕಿದ್ದು?”

“ಅದು ಸುಮ್ಮನೆ ಹಾಕುವುದು ಕಾಕಾ. ಅದಕ್ಕೆ ಅರ್ಥ ಇಲ್ಲ. ಒಗಟಿನಲ್ಲಿ ನಕ್ಷೆಯ ಗುರುತು ಯಾವಾಗಲೂ ಸುಳ್ಳು…”

ಮಾತು ಅಲ್ಲೇ ನಿಂತಿತು.

‘ನಮ್ಮ ಕೆಲಸದಲ್ಲಿ ಮೊದಲು ಕೇಳುವುದೇ ಸೊನ್ನೆ ಎಲ್ಲಿ ಅಂತ.’

ಅವಳು ಮೂಡುಬಿದಿರೆಯಿಂದ ಹೊರಟು ನೋಡಿದ್ದಳು. ವಿಟ್ಲದಿಂದ ಹೊರಟು ನೋಡಿದ್ದಳು. ಬಸ್ಸು ಎಲ್ಲಿಂದ ಹೊರಡುತ್ತದೆಯೋ ಅಲ್ಲಿಂದ. ಆದರೆ ಅಣ್ಣ ಅವಳಿಗೆ ಕಲಿಸಬೇಕೆಂದಿದ್ದದ್ದು ಬಸ್ಸಿನ ದಾರಿಯನ್ನಲ್ಲ. ಮೆಲ್ಕಾರ್‌ನಿಂದ ಮನೆಗೆ ಹೋಗುವ ದಾರಿಯನ್ನು! ಗುರುತು ಸುಳ್ಳಾಗಿರಲಿಲ್ಲ. ಅದೇ ಸೊನ್ನೆ!

“ಕಾಕಾ, ನಾನು ಹೋಗ್ತೇನೆ!”

“ಕೊಡೆ ಹಿಡ್ಕೊಂಡು ಹೋಗಮ್ಮ!”

ಅವಳು ವಿಟ್ಲದಿಂದ ಬಂದ ಬಸ್ಸು ಹತ್ತಿದಳು. ಎಡಬದಿಯ ಕಿಟಕಿಯ ಟಾರ್ಪಾಲನ್ನು ಎತ್ತಿ ಹಿಡಿದಳು. ಪಕ್ಕದ ಹೆಂಗಸು, “ನೀರು ಬೀಳ್ತದೆ ಮಾರಾಯ್ತಿ, ಮುಚ್ಚು!” ಎಂದು ಗದರಿದಳು. ಅವಳು ಮುಚ್ಚಲಿಲ್ಲ. ತಂಗುದಾಣ ಬಂದಂತೆಲ್ಲ ಅಂಕಿಯನ್ನು ಅಂಗೈಯಲ್ಲಿ ಬರೆದುಕೊಂಡಳು. ಯಂತ್ರ ತಿರುವುಗಳನ್ನು ಮಾತ್ರ ಸೀಳಿತ್ತು, ತಂಗುದಾಣಗಳು ಇನ್ನೂ ನಿಂತಿದ್ದವು.

ಬೇಕಾದಷ್ಟು ಅಂಕಿಗಳಾಗಿ ಅಂಗೈ ತುಂಬಿದಾಗ ಅವನ್ನು ಫೋನಿಗೆ ಒತ್ತಿದಳು. ಈ ಸಲ ಬಾಣ ಹೊಳೆಯನ್ನೂ ತೋರಿಸಲಿಲ್ಲ, ಕೋಳಿ ಫಾರಮ್ಮನ್ನೂ ತೋರಿಸಲಿಲ್ಲ. ಮುಂದಿನ ದಾರಿಯನ್ನು ತೋರಿಸಿತು.

ಅವಳು ರಾಯಿಯಲ್ಲಿ ಇಳಿದು ನಡೆದಳು. ತಿರುವಿದ್ದ ಜಾಗ ಕಾಣುತ್ತಲೇ ಕಾಲು ತಡೆಯಿತು.

ಇಲ್ಲಿ ಯತೀಶ ಪ್ರತಿ ಸಲವೂ ಬೈಕಿನ ವೇಗ ಇಳಿಸುತ್ತಿದ್ದ.

ಗುಡ್ಡ ಇರಲಿಲ್ಲ. ಅದರ ಅರ್ಧವನ್ನು ಸೀಳಿ ಒಯ್ದಿದ್ದರು. ಉಳಿದ ಕೆಂಪು ಗೋಡೆಯಿಂದ ನೀರು ಇಳಿಯುತ್ತಿತ್ತು. ಬಾಣ ಹಿಡಿದು ನಡೆದಳು, ಕೆಸರಿನಲ್ಲಿ ಚಪ್ಪಲಿ ಹೂತಿತು. ಫೋನು ‘ನೀವು ತಲುಪಿದ್ದೀರಿ’ ಎಂದಿತು.

ಅವಳು ತಲೆ ಎತ್ತಿ ನೋಡಿದಳು. ಮರದ ಬೇರಿದ್ದ ಜಾಗ ಅವಳ ತಲೆಗಿಂತ ಬಹಳ ಮೇಲೆ. ಅಲ್ಲಿ ಈಗ ನೆಲವೇ ಇರಲಿಲ್ಲ. ಬರೀ ಗಾಳಿ.

“ಅಣ್ಣಾ… ಬಂದೆ,” ಎಂದಳು. “ತಡವಾಯ್ತು.”

ಇನ್ನು ಸುಳಿವಿನ ಹಂಗು ಇಲ್ಲ. ಅವಳು ಮೇ ತಿಂಗಳ ಆ ಮೆಸೇಜನ್ನು ಹುಡುಕಿ ತೆಗೆದಳು. ಗುಂಡಿ ಒತ್ತಿದಳು.

‘ಇದು ಸುಳಿವಲ್ಲ. ಶನಿವಾರ ಅಣ್ಣನ ಡಬ್ಬಿ ಇರುವಲ್ಲಿಗೆ ಯಂತ್ರ ಬರ್ತದೆ. ಎತ್ತಿಡಲು ನನಗೆ ಹಕ್ಕಿಲ್ಲ, ಅದು ನಿಮ್ಮಿಬ್ಬರದ್ದು. ನೀನು ಇವತ್ತು ಕೇಳಿದರೆ ಜಾಗ ಹೇಳ್ತೇನೆ, ಈಗಲೇ ಬಂದು ಕರ್ಕೊಂಡು ಹೋಗ್ತೇನೆ. ಕೇಳದಿದ್ದರೆ ನಿನಗೆ ಬೇಡ ಅಂತ ತಿಳ್ಕೊಳ್ತೇನೆ. ರಾತ್ರಿ ಮಲಗುವುದಿಲ್ಲ, ಫೋನ್ ಹಿಡ್ಕೊಂಡೇ ಇರ್ತೇನೆ.’

ಅವಳು ಅಲ್ಲೇ, ಕೆಸರಿನಲ್ಲೇ ಕುಕ್ಕರಿಸಿ ಕೂತಳು. ಅಷ್ಟು ತಿಂಗಳು ಬಾರದ ಅಳು ಆಗ ಬಂತು.

*

ಯತೀಶ ಒಂದೇ ರಿಂಗಿಗೆ ಎತ್ತಿದ.

“ನಾನು ಬಿಡಿಸಿದೆ,” ಎಂದಳು.

“ಎಲ್ಲಿದ್ದಿ?”

“ಅಲ್ಲೇ.”

“ಅಲ್ಲಿಂದ ಅಲ್ಲಾಡಬೇಡ. ಗುಡ್ಡ ಜರಿಯುತ್ತದೆ… ಅಲ್ಲ, ಅಲ್ಲಾಡು! ರಸ್ತೆಗೆ ಬಾ! ನಾನು ಬರ್ತೇನೆ!”

ಅವಳಿಗೆ ಅಳುವಿನ ನಡುವೆ ನಗು ಬಂತು.

ಅವನು ಬಂದಾಗ ಮಳೆ ಬಿಟ್ಟಿತ್ತು. ಬೈಕ್ ನಿಲ್ಲಿಸಿ, ಹೆಲ್ಮೆಟ್ ಕೈಯಲ್ಲಿ ಹಿಡಿದು, ದೂರವೇ ನಿಂತ. ಮುಖ ಇಳಿದುಹೋಗಿತ್ತು.

“ಆ ಗುಡ್ಡಕ್ಕೆ ಗುರುತು ಹಾಕಿದ್ದು ನಾನೇ,” ಎಂದ. “ಡಬ್ಬಿ ಸಿಗುವ ಮೊದಲೇ ಹಾಕಿಯಾಗಿತ್ತು. ಆಮೇಲೆ ತಪ್ಪಿಸಲಿಕ್ಕೆ ನೋಡಿದೆ. ಯಾರೂ ಕೇಳಲಿಲ್ಲ. ತಿರುವು ಉಳಿಸಿ ಅಂತ ಗಟ್ಟಿಯಾಗಿ ಹೇಳಲಿಕ್ಕೆ ನನಗೂ ಬಾಯಿ ಬರಲಿಲ್ಲ… ನಿನ್ನ ಅಣ್ಣ ಅಂಥದ್ದೇ ತಿರುವಿನಲ್ಲಿ…”

“ಗೊತ್ತು.”

“ನಾನು ಫೋನ್ ಮಾಡಬೇಕಿತ್ತು. ನೇರ ಹೇಳಬೇಕಿತ್ತು. ನೀನು ಮುಖ ನೋಡದಿದ್ದರೂ ಅಡ್ಡಿಯಿಲ್ಲ ಅಂತ.”

“ನಾನು ಗುಂಡಿ ಒತ್ತಬೇಕಿತ್ತು.”

ಒಂದು ಲಾರಿ ಕೆಸರು ಹಾರಿಸಿ ಹೋಯಿತು.

“ಈಗ ಹೇಳಿ,” ಎಂದಳು. “ಒಳಗೆ ಏನಿತ್ತು? ಅದನ್ನು ನೋಡಿದವರು ನೀವೊಬ್ಬರೇ.”

ಅವನು ಹೆಲ್ಮೆಟನ್ನು ಬೈಕಿನ ಮೇಲಿಟ್ಟ.

“ಸ್ಟೀಲಿನ ಸಣ್ಣ ಡಬ್ಬಿ. ಒಳಗೆ ಒಂದು ವಿಸಿಲ್, ಅವನ ಕಂಡಕ್ಟರ್ ವಿಸಿಲ್. ಕಪ್ಪು ದಾರ ಇತ್ತು. ನಾನು ಒಂದು ಸಲ ಊದಿದೆ. ಊದಬಾರದಿತ್ತು.”

“ಹೇಗೆ ಕೇಳಿಸಿತು?”

“ಜೋರು. ಎದುರು ಹೋಗುತ್ತಿದ್ದ ಬಸ್ಸು ಬ್ರೇಕ್ ಹಾಕಿತು.”

ಅವಳು ಬಾಯಿಗೆ ಕೈ ಇಟ್ಟುಕೊಂಡಳು. ನಗುವಾ, ಅಳುವಾ, ಅವನಿಗೆ ತಿಳಿಯಲಿಲ್ಲ.

“ಮತ್ತೆ ಹೆಸರು ಬರೆಯುವ ಚೀಟಿ. ಮೊದಲನೇ ಸಾಲು ಖಾಲಿ ಇರಲಿಲ್ಲ ಮೋಕ್ಷಿತಾ. ಅವನೇ ಬರೆದಿಟ್ಟಿದ್ದ. ‘ಮೊದಲು ಬಂದವಳು ಮೋಕ್ಷಿತಾ’ ಅಂತ. ಬೇರೆ ಯಾರು ಮೊದಲು ಬಂದರೂ ಆ ಸಾಲು ಸಿಗಬಾರದು ಅಂತ ಇರಬೇಕು. ನಾನು ಎರಡನೇ ಸಾಲಿನಲ್ಲಿ ಬರೆದೆ.”

‘ನನಗಿಂತ ಮೊದಲು ಇವನಿಗೆ ಸಿಕ್ಕಿತು ಎಂದು ಎಷ್ಟು ಉರಿದಿದ್ದೆ!’

“ಅಕ್ಷರ ಹೇಗಿತ್ತು?” ಎಂದು ಕೇಳಿದಳು.

“ಸೊಟ್ಟ. ಓಡುವ ಬಸ್ಸಿನಲ್ಲಿ ಬರೆದ ಹಾಗೆ.”

“ಅವನದ್ದೇ.”

ಅವಳು ಕಣ್ಣೊರೆಸಿಕೊಂಡಳು. ಆ ಡಬ್ಬಿಯಲ್ಲಿ ಇದ್ದದ್ದು ಈಗ ಈ ಮನುಷ್ಯನ ನೆನಪಿನಲ್ಲಿ ಮಾತ್ರ ಇತ್ತು. ಇನ್ನೆಲ್ಲೂ ಇರಲಿಲ್ಲ.

“ಇನ್ನು ಮುಂದೆ ನನಗೆ ಏನನ್ನೂ ಮುಚ್ಚಿ ಕಳಿಸಬೇಡಿ.”

“ಇಲ್ಲ.”

“ಹೇಳಬೇಕಾದ್ದು ಏನಾದರೂ ಇದ್ರೆ ಈಗಲೇ ಹೇಳಿ.”

ಅವನು ಎರಡು ಹೆಜ್ಜೆ ಹತ್ತಿರ ಬಂದ.

“ನನಗೆ ನೀನು ಬೇಕು. ಮದುವೆ ಆಗುವ. ಇಷ್ಟೇ.”

“ಇದು ಸುಳಿವಾ?”

“ಅಲ್ಲ. ಉತ್ತರ.”

ಅವಳು ಬೈಕಿನ ಮೇಲಿದ್ದ ಹೆಲ್ಮೆಟ್ ಎತ್ತಿ ಅವನ ಕೈಗೆ ಕೊಟ್ಟಳು.

“ಕತ್ತಲಾಗುವ ಮೊದಲು ಮನೆಗೆ ಹೋಗುವ.”

“ಮನೆ ಯಾವ ಕಡೆ ಹೇಳು ನೋಡುವ.”

ಅವಳು ಸುತ್ತ ನೋಡಿದಳು. ಗುಡ್ಡ ಇಲ್ಲ, ಮರ ಇಲ್ಲ, ತಿರುವೂ ಇಲ್ಲ. ಬಹಳ ಯೋಚಿಸಿ ಒಂದು ಕಡೆಗೆ ಕೈ ತೋರಿಸಿದಳು.

ಯತೀಶ ತುಟಿ ಕಚ್ಚಿ ನಗು ತಡೆದ.

“ಅದು ಮೂಡುಬಿದಿರೆ ಅಲ್ಲ ಮಾರಾಯ್ತಿ. ಬೆಳ್ತಂಗಡಿ. ನನ್ನ ಮನೆ ಕಡೆ.”

“ಹೌದಾ?” ಅವಳು ಕೈ ಇಳಿಸಲಿಲ್ಲ. “ಹಾಗಾದ್ರೆ ಈ ಸಲ ತಪ್ಪಲಿಲ್ಲ ಬಿಡು.”

ಅವಳು ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅವನು ಬೈಕ್ ಸ್ಟಾರ್ಟ್ ಮಾಡುವುದನ್ನೇ ಮರೆತ.

ಅವಳು ಹಿಂದೆ ಹತ್ತಿ ಕೂತು ಅವನ ಜಾಕೆಟ್ ಹಿಡಿದಳು.

ಆ ರಸ್ತೆಯಲ್ಲಿ ಹೋದದ್ದು ಇಷ್ಟು: ಒಬ್ಬ ಅಣ್ಣ, ಅರ್ಧ ಗುಡ್ಡ, ಒಂದು ಕಾಸರಕನ ಮರ, ಒಂದು ಸ್ಟೀಲಿನ ಡಬ್ಬಿ, ಕಪ್ಪು ದಾರದ ಒಂದು ವಿಸಿಲ್, ಸೊಟ್ಟ ಅಕ್ಷರದ ಒಂದು ಸಾಲು, ಮತ್ತು ಮಾತಾಡದೆ ಕಳೆದ ಮೂರು ತಿಂಗಳು.